ಬರೆದದ್ದನ್ನೆಲ್ಲ ಮಾಡಿದ ಗವಿರಂಗ

ಊರಿನ ಹೆಸರು ಬೇಡ. ಹೇಳಿದರೆ ಆ ಊರಿನವರು ಮನೆ ಬಾಗಿಲಿಗೆ ಬಂದು ಜಗಳ ತೆಗೆಯುತ್ತಾರೆ. ಆ ಊರಲ್ಲಿ ಓಬಳಮ್ಮ ಅಂತ ಒಬ್ಬಳಿದ್ದಳು. ರವಿಕೆ ಹೊಲಿಯುವವಳು. ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಇದ್ದವನು ಒಬ್ಬನೇ ಮಗ, ಗವಿರಂಗ. ಇಪ್ಪತ್ತಾರು ವಯಸ್ಸು, ಬಾಗಿಲು ತುಂಬುವಂಥ ಆಳು. ಏಳನೇ ಕ್ಲಾಸಿನವರೆಗೂ ಓದಿದ್ದ. ಓದಿದ್ದೇ ತಪ್ಪಾಯಿತು ಅಂತ ಓಬಳಮ್ಮ ಅನ್ನುತ್ತಿದ್ದಳು. ಯಾಕೆಂದರೆ ಎಲ್ಲಿ ಏನು ಬರೆದಿದ್ದರೂ ಅವನು ನಿಂತು ಓದುತ್ತಿದ್ದ. ಓದಿದ್ದನ್ನು ಮಾಡುತ್ತಿದ್ದ. ಯಾರಾದರೂ ಬಾಯಲ್ಲಿ ಹೇಳಿದರೂ ಅಷ್ಟೇ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ.

ಒಂದು ದಿನ ಓಬಳಮ್ಮನಿಗೆ ಕಪ್ಪು ದಾರ ಮುಗಿದು ಹೋಯಿತು.

"ಲೋ ರಂಗ, ನಾಗಭೂಷಣ ಶೆಟ್ಟರ ಅಂಗಡಿಗೆ ಹೋಗಿ ಒಂದು ಉಂಡೆ ಕಪ್ಪು ದಾರ ತಗಂಡು ಬಾ" ಅಂದಳು.

ಶೆಟ್ಟರು ಬಟ್ಟೆ ಅಂಗಡಿಗೆ ಹೊಸದಾಗಿ ಗಾಜಿನ ಬಾಗಿಲು ಹಾಕಿಸಿದ್ದರು. ಬಾಗಿಲ ಮೇಲೆ ದಪ್ಪಕ್ಷರದಲ್ಲಿ 'ತಳ್ಳಿ' ಅಂತ ಚೀಟಿ ಅಂಟಿಸಿತ್ತು. ಆದರೆ ಅದು ತಳ್ಳುವ ಬಾಗಿಲಲ್ಲ, ಎಳೆಯುವ ಬಾಗಿಲು. ಚೀಟಿ ಅಂಟಿಸಿದವನು ಒಳಗಿನದನ್ನು ಹೊರಗೆ ಅಂಟಿಸಿ ಹೋಗಿದ್ದ. ಎರಡು ತಿಂಗಳಿಂದ ಊರಿನವರೆಲ್ಲ ಬಂದು ಒಂದು ಸಲ ತಳ್ಳುವುದು, ಹಣೆ ಗಾಜಿಗೆ ತಾಗಿಸಿಕೊಳ್ಳುವುದು, ಆಮೇಲೆ ಎಳೆದುಕೊಂಡು ಒಳಗೆ ಹೋಗುವುದು, ಹೀಗೇ ನಡೆದಿತ್ತು. ಒಬ್ಬರೂ ಶೆಟ್ಟರಿಗೆ ಹೇಳಿರಲಿಲ್ಲ. ಹೇಳಿದರೆ ತಮಗೇ ಬಾಗಿಲು ತೆಗೆಯೋಕೆ ಬರಲ್ಲ ಅಂದುಕೊಂಡಾರು ಅಂತ ಅವರಿಗೆಲ್ಲ ನಾಚಿಕೆ.

ಗವಿರಂಗ ತಳ್ಳಿದ. ಬಾಗಿಲು ಬರಲಿಲ್ಲ. ಇನ್ನೊಂದು ಸಲ ಓದಿದ. ತಳ್ಳಿ ಅಂತಲೇ ಇತ್ತು. ಪಂಚೆ ಎತ್ತಿ ಕಟ್ಟಿ, ಭುಜ ಕೊಟ್ಟು ತಳ್ಳಿದ. ಚೌಕಟ್ಟು ಕಿರುಗುಟ್ಟಿತು. ಇನ್ನೊಂದು ಸಲ ತಳ್ಳಿದ. ಅಷ್ಟೂ ಬಾಗಿಲು ಒಳಗೆ ಬಿದ್ದು, ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಗಳ ಮೇಲೆ ಪುಡಿಪುಡಿಯಾಯಿತು. ಒಳಗಿದ್ದ ಶೆಟ್ಟರ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಗಾಜಿನ ರಾಶಿಯ ಮೇಲೆ ಹುಷಾರಾಗಿ ಹೆಜ್ಜೆ ಇಟ್ಟು ಬಂದ ಗವಿರಂಗ, "ಒಂದು ಉಂಡೆ ಕಪ್ಪು ದಾರ ಕೊಡಿ" ಅಂದ.

ಶೆಟ್ಟರು ಅವನನ್ನು ಕೈಹಿಡಿದು ಓಬಳಮ್ಮನ ಮುಂದೆ ತಂದು ನಿಲ್ಲಿಸಿದರು.

"ಎಲ್ಲರೂ ಎಳೆದುಕೊಂಡು ಬರ್ತಾರೆ. ನಿನ್ನ ಮಗ ಒಬ್ಬನೇ ಯಾಕಮ್ಮ ತಳ್ಳಬೇಕು?"

"ತಳ್ಳಿ ಅಂತ ಬರ್ದಿತ್ತು" ಅಂದ ಗವಿರಂಗ.

ಓಬಳಮ್ಮ ಶೆಟ್ಟರಿಗೆ ಕೈಮುಗಿದು ಕಳಿಸಿ ಮಗನನ್ನು ಕೂರಿಸಿಕೊಂಡಳು. "ಬಾಗಿಲ ಮೇಲೆ ಬರ್ದಿದ್ದನ್ನ ನಂಬಬ್ಯಾಡ ಕಣ್ಲಾ. ಬಾಗಿಲು ಕಂಡ್ರೆ ಮೆತ್ತಗೆ ತಟ್ಟು. ಒಳಗೆ ಯಾರಿದೀರಾ, ನಾನು ಬರಬೌದಾ ಅಂತ ಕೇಳು. ಅವರು ಬಾ ಅಂದ ಮೇಲೆ ಹೋಗು. ತಿಳೀತಾ?"

"ತಿಳೀತು ಕಣವ್ವ" ಅಂದ.

ಅದಾಗಿ ಸ್ವಲ್ಪ ದಿನಕ್ಕೆ ಓಬಳಮ್ಮನಿಗೆ ಸೂಜಿಯ ಕಣ್ಣು ಕಾಣುವುದು ನಿಂತೇ ಹೋಯಿತು. ದಾರ ಪೋಣಿಸಲು ಮಗನನ್ನೇ ಕರೆಯಬೇಕು. ಗುರುತು ಹಾಕಿದ ಗೆರೆಯ ಮೇಲೆ ಕತ್ತರಿ ಆಡದೆ ಪಕ್ಕಕ್ಕೆ ಹೋಗಿ ಯಾರದೋ ರವಿಕೆಯ ತೋಳು ಹಾಳಾಯಿತು. ಇನ್ನು ತಡೆಯುವುದು ಬೇಡ ಅಂತ ಮಗನನ್ನು ಕರೆದುಕೊಂಡು ಜಿಲ್ಲಾ ಕೇಂದ್ರದ ಕಣ್ಣಾಸ್ಪತ್ರೆಗೆ ಬಸ್ಸು ಹತ್ತಿದಳು.

ಡಾಕ್ಟರು ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಓಬಳಮ್ಮ ಬೆಂಚಿನ ಮೇಲೆ ಕೂತು, "ಆ ಲಿಫ್ಟು ಹೆಂಗೆ ಅಂತ ನೋಡು ಹೋಗು" ಅಂದಳು.

ಗವಿರಂಗ ಲಿಫ್ಟಿನ ಮುಂದೆ ನಿಂತ. ಬಾಗಿಲು ಮುಚ್ಚಿತ್ತು. ಮೆತ್ತಗೆ ತಟ್ಟಿದ. "ಒಳಗೆ ಯಾರಿದೀರಾ?" ಅಂದ. ಉತ್ತರ ಬರಲಿಲ್ಲ. ಇನ್ನೊಂಚೂರು ತಟ್ಟಿ, "ಯಾರಾದ್ರೂ ಇದೀರಾ ಒಳಗೆ?" ಅಂದ. ಅದೇ ಹೊತ್ತಿಗೆ ಮೇಲಿಂದ ಇಳಿಯುತ್ತಿದ್ದ ಲಿಫ್ಟಿನೊಳಗೆ ಒಬ್ಬ ದಪ್ಪನೆಯ ಯಜಮಾನರೂ ಅವರ ಹೆಂಡತಿಯೂ ಇದ್ದರು. ತಟ್ಟುವ ಸದ್ದು, ಯಾರಾದರೂ ಇದ್ದೀರಾ ಅನ್ನುವ ಗಂಡು ದನಿ. ಲಿಫ್ಟು ಕೆಟ್ಟು ನಿಂತಿದೆ, ತಮ್ಮನ್ನು ಬಿಡಿಸೋಕೆ ಜನ ಬಂದಿದ್ದಾರೆ ಅಂತ ಆ ಯಜಮಾನರು ಗಾಬರಿಯಾಗಿ ಅಪಾಯದ ಗಂಟೆಯನ್ನು ಒತ್ತಿಬಿಟ್ಟರು. ಲಿಫ್ಟು ನಿಜವಾಗಿಯೂ ನಡುವೆ ನಿಂತಿತು. ಗಂಟೆ ಹೊಡೆದುಕೊಂಡ ರಭಸಕ್ಕೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರೆಲ್ಲ ಬೆಂಕಿ ಬಿತ್ತೋ ಏನೋ ಅಂತ ಗೋಡೆ ತಡಕಿಕೊಂಡು ಹೊರಗೆ ಬರತೊಡಗಿದರು. ಓಬಳಮ್ಮನಿಗೆ ಮಗ ಸರಿಯಾಗಿ ಕಾಣದಿದ್ದರೂ, ಇದು ಅವನದೇ ಕೆಲಸ ಅಂತ ಗೊತ್ತಾಗಿಹೋಯಿತು.

ಅರ್ಧ ಗಂಟೆಯ ಮೇಲೆ ಲಿಫ್ಟಿನ ಬಾಗಿಲು ತೆರೆದಾಗ, ಬೆವತು ನೀರಾಗಿದ್ದ ಯಜಮಾನರನ್ನು ಗವಿರಂಗ ಕೈಕಟ್ಟಿಕೊಂಡು ಕೇಳಿದ: "ನಾನು ಬರಬೌದಾ?"

ಕಾವಲುಗಾರ ಅವನನ್ನು ಪಕ್ಕಕ್ಕೆ ಎಳೆದ. "ಲಿಫ್ಟಿನ ಬಾಗಿಲು ಯಾರಪ್ಪ ತಟ್ತಾರೆ? ಗೋಡೆ ಮೇಲೆ ಗುಂಡಿ ಇದೆ, ನೋಡು. ಬೆರಳಿಟ್ಟು ಒತ್ತು. ದೀಪ ಹತ್ತೋವರೆಗೂ ಬೆರಳು ತೆಗೀಬೇಡ. ಅಷ್ಟೇ."

"ಕೇಳಿಸ್ತೇನ್ಲಾ?" ಅಂದಳು ಓಬಳಮ್ಮ. "ಗುಂಡಿ ಕಂಡ್ರೆ ಒತ್ತು. ದೀಪ ಹತ್ತೋಗಂಟ ಬೆರಳು ತೆಗೀಬ್ಯಾಡ."

"ಕೇಳಿಸ್ತು ಕಣವ್ವ."

ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ತಡ ಮಾಡಿದರೆ ಕಷ್ಟ ಅಂದರು. ಮುಂದಿನ ತಿಂಗಳ ಎಂಟಕ್ಕೆ ಆಪರೇಷನ್ನಿಗೆ ಬರೆದುಕೊಟ್ಟರು. ಆದರೆ ಅವಳ ಆರೋಗ್ಯ ಕಾರ್ಡಿನ ಅವಧಿ ಮುಗಿದಿತ್ತು. ವೆಬ್‌ಸೈಟಿಗೆ ಹೋಗಿ ಹೊಸದು ಮಾಡಿಸಬೇಕಂತೆ.

ಓಬಳಮ್ಮನ ಬೀದಿಯಲ್ಲಿ ಕಂಪ್ಯೂಟರ್ ಇದ್ದದ್ದು ಎರಡು ಮನೆ ಆಚೆ, ರುದ್ರಾಣಿ ಟೀಚರ ಮನೆಯಲ್ಲಿ. ಟೀಚರು ರಿಟೈರಾಗಿದ್ದರು, ಒಬ್ಬರೇ ಇದ್ದರು. ಮಾರನೆಯ ಬೆಳಗ್ಗೆ ಓಬಳಮ್ಮ ಮಗನ ಕೈಗೆ ಹಳೇ ಕಾರ್ಡು ಕೊಟ್ಟು ಅಲ್ಲಿಗೆ ಕಳಿಸಿದಳು.

ಟೀಚರ ಬಾಗಿಲ ಪಕ್ಕ ಕರೆಗಂಟೆಯ ಗುಂಡಿ ಇತ್ತು. ಗವಿರಂಗ ಬೆರಳಿಟ್ಟು ಒತ್ತಿದ. ಒಳಗೆ ಕೋಗಿಲೆ ಕೂಗಿತು. ದೀಪ ಹತ್ತಲಿಲ್ಲ. ಅವನು ಬೆರಳು ತೆಗೆಯಲಿಲ್ಲ. ಕೋಗಿಲೆ ಬಿಡದೆ ಕೂಗಿತು. ತಲೆಗೆ ಸೀಗೆಪುಡಿ ಹಚ್ಚಿಕೊಂಡು ಸ್ನಾನಕ್ಕೆ ಕೂತಿದ್ದ ಟೀಚರು, ಯಾರದೋ ಮನೆಯಲ್ಲಿ ಏನೋ ಆಗಿಹೋಗಿದೆ ಅಂತ ಸೀರೆ ಸುತ್ತಿಕೊಂಡು ಓಡಿಬಂದರು.

"ಏನಾಯ್ತೋ? ನಿಮ್ಮಮ್ಮನಿಗೆ ಏನಾಯ್ತು?"

"ಏನೂ ಆಗಿಲ್ಲ ಟೀಚರೆ. ದೀಪ ಇನ್ನೂ ಹತ್ತಿಲ್ಲ."

"ಯಾವ ದೀಪ? ಬೆರಳು ತೆಗಿ ಮೊದಲು."

"ಹತ್ತೋಗಂಟ ತೆಗೀಬಾರ್ದು."

ಕೋಗಿಲೆಯ ದನಿ ಕಟ್ಟಿ ಕಪ್ಪೆಯ ದನಿಯಾಯಿತು. ಗೋಡೆಯೊಳಗಿಂದ ಸುಟ್ಟ ವಾಸನೆ ಬಂತು. ಕಡೆಗೆ ಚಟ್ ಅಂತ ನೀಲಿ ಕಿಡಿಯೊಂದು ಹಾರಿ, ಟೀಚರ ಮನೆಯ ಕರೆಂಟೆಲ್ಲ ಹೋಯಿತು.

"ಹತ್ತಿತು" ಅಂತ ಗವಿರಂಗ ಬೆರಳು ತೆಗೆದ.

ರುದ್ರಾಣಿ ಟೀಚರು ಹೊಸಿಲ ಮೇಲೇ ಕೂತುಬಿಟ್ಟರು. ಸೀಗೆಪುಡಿ ಕಣ್ಣಿಗೆ ಇಳಿಯುತ್ತಿದ್ದರೂ ಅವರಿಗೆ ಗೊತ್ತಾಗಲಿಲ್ಲ. ಆದರೆ ಮೂವತ್ತೈದು ವರ್ಷ ಮಕ್ಕಳನ್ನು ಸಂಭಾಳಿಸಿದವರು. ಫ್ಯೂಸು ಹಾಕಿಸಿದರು, ಕಂಪ್ಯೂಟರ್ ಹಚ್ಚಿದರು, ಕಾರ್ಡಿನ ಅರ್ಜಿ ತೆಗೆದು ಅವನನ್ನು ಮುಂದೆ ಕೂರಿಸಿದರು. ನಾನು ತಲೆ ತೊಳೆದುಕೊಂಡು ಬರ್ತೀನಿ ಅಂದರು.

"ನೋಡು, ಯಾವ ಗುಂಡಿಯನ್ನೂ ಹಿಡಿದುಕೊಂಡು ಕೂರಬೇಡ. ಕೆಂಪು ನಕ್ಷತ್ರ ಇದೆಯಲ್ಲ, ಅಂಥ ಕಡೆ ಖಾಲಿ ಬಿಡಬಾರದು. ಗೊತ್ತಿಲ್ಲದ್ದು ಇದ್ದರೆ ನಿಮ್ಮಮ್ಮನನ್ನು ಕೇಳಿಕೊಂಡು ಬಾ. ಅವಳು ಹೇಳಿದ್ದನ್ನೇ ತುಂಬು."

ಗವಿರಂಗ ತುಂಬಿದ. ಹೆಸರು ತುಂಬಿದ, ಊರು ತುಂಬಿದ, ಹುಟ್ಟಿದ ದಿನ ತುಂಬಿದ. ಅದರ ಕೆಳಗೆ ಇನ್ನೊಂದು ಪೆಟ್ಟಿಗೆ. 'ಮರಣದ ದಿನಾಂಕ', ಪಕ್ಕದಲ್ಲಿ ಕೆಂಪು ನಕ್ಷತ್ರ. ಕಾರ್ಡು ಹೊಸದು ಮಾಡಿಸುವವರಿಗೂ, ಸತ್ತವರ ಹೆಸರು ತೆಗೆಸುವವರಿಗೂ ಒಂದೇ ಅರ್ಜಿ ಮಾಡಿಟ್ಟಿದ್ದರು. ಬಲ್ಲವರು ಅಲ್ಲಿ ಒಂದು ಅಡ್ಡಗೆರೆ ಒತ್ತಿ ಮುಂದೆ ಹೋಗುತ್ತಿದ್ದರು. ಹಾಗಂತ ಅಲ್ಲಿ ಎಲ್ಲೂ ಬರೆದಿರಲಿಲ್ಲ. ಗವಿರಂಗ ಎದ್ದು ಮನೆಗೆ ಬಂದ.

ಓಬಳಮ್ಮ ಮಿಷನ್ನಿನ ಮುಂದೆ ಬಗ್ಗಿ, ಬೆರಳಿಂದ ಮುಟ್ಟಿಮುಟ್ಟಿ ಅಂಚು ಹೊಲಿಯುತ್ತಿದ್ದಳು.

"ಅವ್ವ, ನೀನು ಯಾವತ್ತು ಸಾಯೋದು?"

ಮಿಷನ್ನಿನ ಗಾಲಿ ನಿಂತಿತು. "ಏನಂದೆ?"

"ಯಾವತ್ತು ಅಂತ ಕೇಳ್ತಾ ಐತೆ. ಖಾಲಿ ಬಿಡಂಗಿಲ್ಲ. ನಿನ್ನನ್ನೇ ಕೇಳಬೇಕಂತೆ."

ಹೆತ್ತ ಮಗ ಬಂದು ಹೀಗೆ ಕೇಳಿದರೆ ಯಾವ ತಾಯಿಗೆ ಸಿಟ್ಟು ಬರಲ್ಲ? "ಹಿಂಗೇ ಆಡ್ತಾ ಇರು, ಇವತ್ತೇ ಸಾಯ್ತೀನಿ" ಅಂದಳು.

"ಇವತ್ತೇನಾ? ಸರಿ" ಅಂತ ಅವನು ಹೊರಟುಹೋದ.

ಆ ದಿನದ ತಾರೀಖು ತುಂಬಿದ. ಹಸಿರು ಬಣ್ಣದ ಗುರುತು ಬಂತು. 'ನಿಮ್ಮ ಮನವಿ ಯಶಸ್ವಿಯಾಗಿದೆ, ಅಭಿನಂದನೆಗಳು' ಅಂತ ಬಂತು. ಮನೆಗೆ ಬಂದು ಹೇಳಿದ. ಕಡೆಗೂ ಒಂದು ಕೆಲಸ ನೆಟ್ಟಗೆ ಮಾಡಿದೆಯಲ್ಲ ಅಂತ ಓಬಳಮ್ಮ ಆ ದಿನ ಅವನಿಗೆ ಶಾವಿಗೆ ಪಾಯಸ ಮಾಡಿ ಹಾಕಿದಳು. ತಾನೂ ಒಂದು ಲೋಟ ಕುಡಿದಳು.

ಎಂಟನೇ ತಾರೀಖು ತಾಯಿ ಮಗ ಆಸ್ಪತ್ರೆಗೆ ಹೋದರು. ಕೌಂಟರಿನ ಹೆಂಗಸು ಕಾರ್ಡಿನ ನಂಬರು ಒತ್ತಿ ನೋಡಿ ಮುಖ ಸಪ್ಪಗೆ ಮಾಡಿಕೊಂಡಳು.

"ಇವರು ಹೋದ ತಿಂಗಳೇ ತೀರಿಕೊಂಡಿದ್ದಾರಲ್ಲ. ನೀವು ಅವರಿಗೆ ಏನಾಗಬೇಕು?"

"ನಾನೇ ಅವಳು" ಅಂದಳು ಓಬಳಮ್ಮ.

ಕೌಂಟರಿನವಳು ಒಂದು ಸಲ ಅವಳನ್ನು ನೋಡಿದಳು. ಒಂದು ಸಲ ಕಂಪ್ಯೂಟರನ್ನು ನೋಡಿದಳು. ಕಂಪ್ಯೂಟರನ್ನೇ ನಂಬಿದಳು. "ತಾಲ್ಲೂಕು ಕಚೇರಿಗೆ ಹೋಗಿ ಸರಿ ಮಾಡಿಸಿಕೊಂಡು ಬನ್ನಿ. ಇವತ್ತು ಆಪರೇಷನ್ ಆಗಲ್ಲ."

ತಾಲ್ಲೂಕು ಕಚೇರಿಗೆ ಬಂದರೆ ಅಲ್ಲಿನ ಗುಮಾಸ್ತ ಒಳ್ಳೆಯವನೇ. ತಿದ್ದುಪಡಿ ಅರ್ಜಿಯೂ ವೆಬ್‌ಸೈಟಿನಲ್ಲೇ ಹಾಕಬೇಕು ಅಂತ ಹೇಳಿ ತಾನೇ ಕೂತು ತುಂಬಿದ. ಕಡೆಯ ಗುಂಡಿ ಒತ್ತಿದ ಕೂಡಲೇ ಬಂದ ಸಾಲನ್ನು ಓದಿ ಅವನೇ ದಂಗಾದ. 'ಮೃತರು ಅರ್ಜಿ ಸಲ್ಲಿಸಲು ಅರ್ಹರಲ್ಲ' ಅಂತ ಬಂದಿತ್ತು. ಮೂರು ಸಲ ಮಾಡಿದ. ಮೂರು ಸಲವೂ ಅದೇ.

ಓಬಳಮ್ಮ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಬಿಸಿಲು ಅವಳಿಗೆ ಬರೀ ಬಿಳಿಯ ಮಂಜಿನ ಹಾಗೆ ಕಾಣುತ್ತಿತ್ತು. ಅದರ ನಡುವೆ ಮಗ ಒಂದು ದೊಡ್ಡ ಕಪ್ಪು ನೆರಳಿನ ಹಾಗೆ ನಿಂತಿದ್ದ.

"ನನ್ನ ಸಾಯಿಸಿಬಿಟ್ಟೆಯಲ್ಲೋ" ಅಂದಳು, ಮೆಲ್ಲಗೆ.

"ನೀನೇ ಹೇಳ್ದೆ ಕಣವ್ವ, ಇವತ್ತೇ ಅಂತ."

"ಹೇಳಿದ್ದನ್ನೆಲ್ಲ ಮಾಡ್ತಾರೇನೋ?"

"ಮಾಡಬಾರ್ದಾ?" ಅಂದ. ಅವನು ಅದನ್ನು ನಿಜವಾಗಿಯೂ ಕೇಳುತ್ತಿದ್ದ. ಯಾವುದನ್ನು ಮಾಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ಉಳಿದವರಿಗೆಲ್ಲ ಹೇಗೆ ಗೊತ್ತಾಗುತ್ತದೆ ಅನ್ನುವುದು ಅವನಿಗೆ ಹುಟ್ಟಿದಾಗಿನಿಂದ ತಿಳಿದಿರಲಿಲ್ಲ.

ಆ ಹೊತ್ತಿಗೆ ಮೆಟ್ಟಿಲ ಪಕ್ಕದಲ್ಲಿ ಬಿಳೀ ಕೋಲಿನ ಸದ್ದಾಯಿತು. ಬಂದವರು ನಲವತ್ತರ ಹೆಂಗಸು, ವಸುಂಧರಾ ಅಂತ ಹೆಸರು. ಆ ವೆಬ್‌ಸೈಟು ನಡೆಸುವ ಇಲಾಖೆಯ ಅಧಿಕಾರಿ. ಹುಟ್ಟಿನಿಂದಲೇ ಕಣ್ಣು ಕಾಣದವರು. ಅವರ ಕಂಪ್ಯೂಟರು ಅಕ್ಷರಗಳನ್ನು ಓದಿ ಹೇಳುತ್ತಿತ್ತು, ಅವರು ಕೇಳಿ ಕೆಲಸ ಮಾಡುತ್ತಿದ್ದರು. ಜನರ ದೂರು ಕೇಳಲು ಆ ದಿನ ಬಂದಿದ್ದವರು, ತಾಯಿ ಮಗನ ಮಾತು ಕಿವಿಗೆ ಬಿದ್ದು ನಿಂತರು.

"ಯಜಮಾನ್ರೇ, ನೀವು ಏನು ಓದಿದಿರಿ, ಏನು ಒತ್ತಿದಿರಿ, ಮೊದಲಿಂದ ಹೇಳಿ" ಅಂದರು.

ಗವಿರಂಗನನ್ನು ಯಾರೂ ಅಲ್ಲಿಯವರೆಗೆ ಬಹುವಚನದಲ್ಲಿ ಕರೆದಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು, ಆ ಅರ್ಜಿಯಲ್ಲಿದ್ದ ಒಂದೊಂದು ಸಾಲನ್ನೂ, ಒಂದೊಂದು ಗುರುತನ್ನೂ ಬಾಯಿಪಾಠ ಒಪ್ಪಿಸಿದ. ಕೇಳುತ್ತಾ ಕೇಳುತ್ತಾ ವಸುಂಧರಾ ಅವರ ಮುಖದ ಬಣ್ಣ ಇಳಿಯಿತು.

"ಮರಣದ ದಿನಾಂಕಕ್ಕೆ ನಕ್ಷತ್ರ ಇದೆಯಾ?"

"ಐತೆ ಮೇಡಂ. ಕೆಂಪಗೆ."

"ನನ್ನ ಕಂಪ್ಯೂಟರು ಆ ಕೆಂಪು ಗುರುತನ್ನ ಓದಲ್ಲ. ಆ ಅರ್ಜಿ ತುಂಬಿ ಎಷ್ಟು ಸಲ ಪರೀಕ್ಷೆ ಮಾಡಿದ್ರೂ ತಪ್ಪಾಗಿದೆ, ತಪ್ಪಾಗಿದೆ ಅಂತಿತ್ತು. ಏನು ತಪ್ಪು ಅಂತ ಹೇಳ್ತಿರಲಿಲ್ಲ. ಕಣ್ಣಿರುವವರನ್ನು ಕೇಳಿದ್ರೆ ನಮಗೇನೂ ತೊಂದರೆ ಇಲ್ಲ ಅಂತಿದ್ದರು." ಅವರು ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಇನ್ನೂ ಎಷ್ಟು ಜನ ಬದುಕಿದ್ದೂ ಸತ್ತಿದ್ದಾರೋ" ಅಂದರು.

ಲೆಕ್ಕ ತೆಗೆಸಿದರೆ ಆ ಜಿಲ್ಲೆಯೊಂದರಲ್ಲೇ ನಲವತ್ತೊಂದು ಜನ ಸಿಕ್ಕಿದರು. ಎಲ್ಲರೂ ಮನೆಮನೆಯಲ್ಲಿ ಊಟ ಮಾಡಿಕೊಂಡಿದ್ದರು. ಒಬ್ಬ ಮಾತ್ರ ಹೆದರಿ ಮನೆ ಬಿಟ್ಟು ಹೊರಗೇ ಬರುತ್ತಿರಲಿಲ್ಲವಂತೆ. ವಾರದೊಳಗೆ ಓಬಳಮ್ಮ ಬದುಕಿದಳು. ಅದಾದ ಹತ್ತು ದಿನಕ್ಕೆ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಮಗನ ಮುಖ. ಅವನ ಕಿವಿಯ ಹತ್ತಿರ ಆಗಲೇ ನಾಲ್ಕು ಬಿಳಿ ಕೂದಲು ಬಂದಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲೆ ವಸುಂಧರಾ ಮೇಡಂ ಫೋನು ಮಾಡಿದರು. ವೆಬ್‌ಸೈಟನ್ನು ಹೊಸದಾಗಿ ಮಾಡಿದ್ದಾರೆ, ಜನರ ಕೈಗೆ ಕೊಡುವ ಮುಂಚೆ ಗವಿರಂಗ ಬಂದು ನೋಡಬೇಕು, ಅದಕ್ಕೆ ಸಂಬಳವೂ ಉಂಟು. "ಏನು ಬರೆದಿದೆಯೋ ಹಾಗೇ ಮಾಡಿ. ಅಷ್ಟೇ ನಿಮ್ಮ ಕೆಲಸ" ಅಂದರು.

"ಅವನು ಬರ್ದಂಗೆ ಮಾಡ್ತಾನೆ ಅನ್ನೋದೇ ಅಲ್ವಾ ಮೇಡಂ ನನ್ನ ಗೋಳು" ಅಂದಳು ಓಬಳಮ್ಮ. ಆದರೂ ಕಪ್ಪು ಕನ್ನಡಕ ಹಾಕಿಕೊಂಡು, ಬುತ್ತಿ ಕಟ್ಟಿಕೊಂಡು ಅವನ ಜೊತೆ ತಾನೂ ಹೊರಟಳು.

ಇಲಾಖೆಯ ಕಚೇರಿ ಮೂರನೇ ಮಹಡಿಯಲ್ಲಿ. ಪಕ್ಕದ ಆಲದಮರದ ತುಂಬ ಕೋತಿಗಳು. ಹಿರಿಯ ಸಾಹೇಬರು ತಮ್ಮ ಹೊಚ್ಚಹೊಸ ಲ್ಯಾಪ್‌ಟಾಪನ್ನೇ ಗವಿರಂಗನ ಮುಂದೆ ಇಟ್ಟರು. ವೆಬ್‌ಸೈಟಿನ ಇಂಗ್ಲಿಷನ್ನು ಕನ್ನಡಕ್ಕೆ ಮಾಡುವ ಕೆಲಸವನ್ನು ಯಾವುದೋ ಯಂತ್ರಕ್ಕೆ ವಹಿಸಿದ್ದರು, ಅದು ಮಾಡಿದ್ದನ್ನು ಯಾರೂ ಓದಿ ನೋಡಿರಲಿಲ್ಲ. ಓಬಳಮ್ಮ ಹೊರಗೆ ಬೆಂಚಿನ ಮೇಲೆ ಕೂತಳು. ಗವಿರಂಗ ಹೆಸರು ತುಂಬಿದ, ಊರು ತುಂಬಿದ, ಕಡೆಯ ಗುಂಡಿ ಒತ್ತಿದ. ಒಂದು ಚಕ್ರ ತಿರುಗತೊಡಗಿತು. ಅದರ ಕೆಳಗೆ ಹೀಗೆ ಬಂತು: 'ಸ್ವಲ್ಪ ಸಮಯ ಬೇಕು. ಈ ಕಿಟಕಿಯನ್ನು ಮುಚ್ಚಬೇಡಿ.'

ಗವಿರಂಗ ತಲೆ ಎತ್ತಿ ನೋಡಿದ. ಅವನ ಪಕ್ಕದಲ್ಲೇ ಕಿಟಕಿ ಇತ್ತು. ಅರ್ಧ ತೆರೆದಿತ್ತು. ಮರದಲ್ಲಿ ಕೋತಿ ಕಂಡ ಜವಾನ ಅದನ್ನು ಮುಚ್ಚೋಕೆ ಬರುತ್ತಿದ್ದ. ಗವಿರಂಗ ಎದ್ದು ಕಿಟಕಿಯ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡ.

"ಮುಚ್ಚಬ್ಯಾಡಿ ಅಂತ ಐತೆ" ಅಂದ.

ಜವಾನ ಎಳೆದ. ಗವಿರಂಗನ ಕೈ ಅಲುಗಲಿಲ್ಲ. ಮೊದಲು ಒಂದು ಕೋತಿ ಬಂತು. ಆಮೇಲೆ ಮೂರು ಬಂದವು. ಆಮೇಲೆ ಎಣಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಒಂದು ಫೈಲು ಬಿಚ್ಚಿ ಹಾಳೆಗಳನ್ನು ತೂರಿತು. ಒಂದು ಸಾಹೇಬರ ಕನ್ನಡಕ ಕಿತ್ತುಕೊಂಡು ಬೀರುವಿನ ಮೇಲೆ ಕೂತಿತು. ಒಂದು ಲ್ಯಾಪ್‌ಟಾಪಿಗೆ ಕೈ ಹಾಕಿತು. ಅದು ಕೋತಿಯ ಕೈಗೆ ಸಿಗಬಾರದು ಅಂತ ಗವಿರಂಗ ಎಡಗೈಯಲ್ಲಿ ಅದನ್ನೆತ್ತಿ ಕಿಟಕಿಯಾಚೆ ಚಾಚಿ ಹಿಡಿದ. ಬಲಗೈ ಕಿಟಕಿಯ ಮೇಲೇ ಇತ್ತು.

"ಏನಾಗ್ತಿದೆ ಇಲ್ಲಿ? ಯಾರಾದರೂ ಹೇಳಿ" ಅನ್ನುತ್ತಿದ್ದರು ವಸುಂಧರಾ ಮೇಡಂ. ಸಾಹೇಬರು ಆಗಲೇ ಮೇಜಿನ ಕೆಳಗೆ ನುಸುಳಿದ್ದರು.

ಗದ್ದಲಕ್ಕೆ ಓಬಳಮ್ಮ ಒಳಗೆ ಬಂದಳು.

"ಆ ಕಿಟಕಿ ಮುಚ್ಚು ಅಂತ ನಿಮ್ಮ ಮಗನಿಗೆ ಹೇಳಮ್ಮ" ಅಂದರು ಮೇಜಿನ ಕೆಳಗಿಂದ ಸಾಹೇಬರು.

ಓಬಳಮ್ಮ ಬಯ್ಯೋಕೆ ಬಾಯಿ ತೆರೆದಳು. ಅಷ್ಟರಲ್ಲಿ ಕಿಟಕಿಯಾಚೆ ಮಗನ ಕೈಯಲ್ಲಿ ಹೊಳೆಯುತ್ತಿದ್ದ ಅಕ್ಷರ ಕಂಡಿತು. ಕಪ್ಪು ಕನ್ನಡಕ ತೆಗೆದಳು. ಕತ್ತು ಚಾಚಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಮೇಜಿನ ಕಡೆ ಬಗ್ಗಿ, "ಇದನ್ನ ಬರೆದೋರು ಯಾರು ಸ್ವಾಮಿ?" ಅಂತ ಕೇಳಿದಳು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳಿಗೆ ಮಗನನ್ನು ಬಯ್ಯಬೇಕು ಅನ್ನಿಸಲಿಲ್ಲ. ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈ ಇಟ್ಟಳು. ಬೆವರಿನಲ್ಲಿ ಅಂಗಿ ಒದ್ದೆಯಾಗಿತ್ತು.

"ತಪ್ಪು ನಿಂದಲ್ಲ ಕಂದ" ಅಂದಳು. "ಸಾಕು. ಕೈ ಬಿಡು."

ಯಾವ ಕೈ ಅಂತ ಅವಳು ಹೇಳಲಿಲ್ಲ. ಗವಿರಂಗ ಅರೆಗಳಿಗೆ ಯೋಚಿಸಿದ. ಮುಚ್ಚಬಾರದ್ದನ್ನು ಬಿಡುವ ಹಾಗಿಲ್ಲ. ಅವ್ವನ ಮಾತು ಮೀರುವ ಹಾಗಿಲ್ಲ. ಎಡಗೈ ಬಿಟ್ಟ.

ಕೆಳಗಿನಿಂದ ಸದ್ದು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಬೀರುವಿನ ಮೇಲಿದ್ದ ಕೋತಿ ಕೂಡ ಆ ಕಡೆ ಕತ್ತು ಚಾಚಿತು. ಕಿಟಕಿ ಮಾತ್ರ ತೆರೆದೇ ಇತ್ತು.